ತಾಟಿನ ಅಕ್ಕಿಯಲ್ಲಿ ಬರೆದ ಹೆಸರು

ವಡೋದರಾ
9 ಜುಲೈ 2024

ಪ್ರೀತಿಯ ಶಿವಕಾಂತಾ ಅತ್ತಿ, ಭಾಗ್ಯಾಳ ಶರಣು.

ಫೋನಿನಲ್ಲಿ ನಾನು ಕೂಗುವುದು, ನೀವು ಏನಂದಿ ಎಂದು ಮತ್ತೆ ಕೇಳುವುದು, ಕೊನೆಗೆ ನಿಮ್ಮ ಮಗ ಸಂಜು ನಡುವೆ ಬಂದು ಅರ್ಧ ಹೇಳಿ ಅರ್ಧ ನುಂಗುವುದು ಸಾಕಾಗಿದೆ. ನಿಮ್ಮ ಕಿವಿ ಈಚೆಗೆ ಕೈಕೊಟ್ಟರೇನು, ಕಣ್ಣು ಚುರುಕಾಗಿಯೇ ಇದೆ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ.

ಸುದ್ದಿ ಏನೆಂದರೆ ನನ್ನ ಮೊದಲ ಏಕವ್ಯಕ್ತಿ ಚಿತ್ರಪ್ರದರ್ಶನ ನಿಕ್ಕಿಯಾಗಿದೆ. ಹದಿಮೂರು ವರ್ಷ ಬೇರೆಯವರ ಚಿತ್ರಗಳ ಪಕ್ಕದಲ್ಲಿ ನನ್ನದೊಂದು, ಮೂಲೆಯಲ್ಲೊಂದು ತೂಗುತ್ತಿತ್ತು. ಈ ಸಲ ಎಲ್ಲ ಗೋಡೆಗಳೂ ನನ್ನವು. ಇಲ್ಲಿನ ಗ್ಯಾಲರಿಯವರು ಜಾಗ ಕೊಡುತ್ತೇವೆ ಎಂದರು, ನಾನೇ ಬೇಡವೆಂದೆ. ಜನವರಿಯಲ್ಲಿ ಆಳಂದದಲ್ಲೇ ಮಾಡುತ್ತೇನೆ, ಮುಚ್ಚಿಹೋದ ಹಳೆಯ ತೊಗರಿಬೇಳೆ ಮಿಲ್ಲಿನ ಗೋದಾಮಿನಲ್ಲಿ. ಮಿಲ್ಲಿನ ಶರಫುದ್ದೀನ ಕಾಕಾ ಅಪ್ಪನ ಶಾಲೆಯ ಗೆಳೆಯರು. ಸುಣ್ಣ ಬಳಿಸಿಕೊಡುತ್ತೇನೆ ಎಂದಿದ್ದಾರೆ. ಚಿತ್ರದಲ್ಲಿರುವ ಹೆಂಗಸರು ಬಸ್ಸು ಹತ್ತಿ ಬಂದು ನೋಡುವಂತಿರಬೇಕು ಎಂಬುದು ನನ್ನ ಹಟ.

ಚಿತ್ರಗಳು ಇಪ್ಪತ್ತೊಂದು. ನಮ್ಮ ಗಡಿಯ ಕೆಲವು ಮನೆಗಳಲ್ಲಿ ಮದುವೆಯ ದಿನ ಸೊಸೆಯ ಹೆಸರು ಬದಲಿಸುತ್ತಾರಲ್ಲ, ತಾಟಿನಲ್ಲಿ ಅಕ್ಕಿ ಹರಡಿ, ಗಂಡ ಉಂಗುರದ ತುದಿಯಿಂದ ಅದರ ಮೇಲೆ ಹೊಸ ಹೆಸರು ಬರೆಯುತ್ತಾನಲ್ಲ, ಅದೇ ವಿಷಯ. ಹೋದ ಬೇಸಿಗೆಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ ಅಂಥ ಹೆಂಗಸರ ತವರಿನ ಹೆಸರು ಕೇಳಿಕೊಂಡು ಬಂದೆ. ಇಜೇರಿಯ ಸಕ್ಕುಬಾಯಿ ಎಂಬ ಮುದುಕಿ ತನ್ನ ಹೆಸರು ನೆನಪಾಗದೆ, ಅಣ್ಣನಿಗೆ ಫೋನು ಹಚ್ಚಿ ಕೇಳಿದಳು. "ನಾ ಚಂದಮ್ಮ ಅಂತ ಬೇ" ಎಂದು ಹೇಳಿ ಮುಖ ಮುಚ್ಚಿಕೊಂಡು ನಕ್ಕಳು. ಪ್ರತಿ ಚಿತ್ರದ ಕೆಳಗೆ ತವರಿನ ಹೆಸರನ್ನು ಮಾತ್ರ ಹಾಕುತ್ತೇನೆ.

ನಡುಗೋಡೆಯ ದೊಡ್ಡ ಚಿತ್ರ ನಿಮ್ಮದು. ನಾನು ಚಿಕ್ಕವಳಿದ್ದಾಗ ನೀವು ಸರಸಂಬಾಕ್ಕೆ ಬಂದರೆ ಅಪ್ಪ ಅಂಗಳದಿಂದಲೇ ತಂಗಿಯನ್ನು ಮಲ್ಕವ್ವಾ ಎಂದು ಕರೆಯುತ್ತಿದ್ದರು. ಊರಿಗೆಲ್ಲ ಜೋರು ಮಾಡುವ ನಿಮ್ಮ ದನಿ ಆಗ ಒಮ್ಮೆಲೇ ಮೆತ್ತಗಾಗುತ್ತಿತ್ತು. ನಿಮ್ಮ ನಿಜವಾದ ಹೆಸರು ಅದೇ ಎಂದು ನನಗೆ ಅಂದೇ ತಿಳಿದಿತ್ತು. ನಿಮ್ಮ ಮದುವೆಯ ದಿನ ಆ ತಾಟು ಬಂದಾಗ ಏನಾಯಿತು, ಏನನಿಸಿತು, ನೆನಪಿದ್ದಷ್ಟು ಬರೆಯಿರಿ.

ನಿಮ್ಮ
ಭಾಗ್ಯಾ


ಹವಳಗಾ
27 ಜುಲೈ 2024

ಭಾಗ್ಯಾಗೆ ಅತ್ತಿಯ ಆಶೀರ್ವಾದ.

ಕಾಗದ ಮುಟ್ಟಿತು. ಪೋಸ್ಟಿನವನು ಗುಜರಾತಿನ ಮುದ್ರೆ ನೋಡಿ ಏನು ಸಂಬಂಧ ಬಂದಿದೆಯೇ ಎಂದು ಕೇಳಿದ. ನನಗೆ ಅರವತ್ತಾರು ಎಂದು ಹೇಳಿ ಕಳಿಸಿದೆ.

ನಿನ್ನ ಸುದ್ದಿ ಓದಿ ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಮ್ಮ ಮನೆತನದ ಗಂಡಸರು ಗೋಡೆ ಕಟ್ಟಿಸಿದ್ದಾರೆ, ಗೋಡೆಯ ಸಲುವಾಗಿ ಕೋರ್ಟಿಗೆ ಹೋಗಿದ್ದಾರೆ. ನಾಲ್ಕೂ ಗೋಡೆ ನನ್ನವು ಎಂದು ಬರೆದವಳು ನೀನೊಬ್ಬಳೇ. ಶುಗರ್ ಫ್ಯಾಕ್ಟರಿಯಲ್ಲಿ ಸಂಜುವಿನ ಜೊತೆ ಕೆಲಸ ಮಾಡುವವರಿಗೆಲ್ಲ ಹೇಳಿಸಿದ್ದೇನೆ. ಇದ್ದಿದ್ದರೆ ನಿನ್ನ ಮಾಮಾ ಪೇಟಾ ಸುತ್ತಿಕೊಂಡು ಮೊದಲ ಸಾಲಿನಲ್ಲಿ ನಿಲ್ಲುತ್ತಿದ್ದರು. ಅವರು ಹೋಗಿ ಈ ಶ್ರಾವಣಕ್ಕೆ ಮೂರು ವರ್ಷ.

ಚಿತ್ರ ತೆಗೆಯುವುದಿದ್ದರೆ ಇಳಕಲ್ ಸೀರೆಯಲ್ಲಿ ತೆಗೆ. ಮೂಗು ಇದ್ದಷ್ಟೇ ದೊಡ್ಡದು ಮಾಡು, ಸಣ್ಣದು ಮಾಡಿ ಉಪಕಾರ ಮಾಡಬೇಡ. ಮೂವತ್ತನಾಲ್ಕು ವರ್ಷ ಅಂಗನವಾಡಿ ನಡೆಸಿದವಳು ಎಂಬುದು ಎಲ್ಲಿಯಾದರೂ ಕಾಣಲಿ.

ತಾಟಿನ ಮಾತು ಈಗ ಬೇಡ. ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಹೊಲದಲ್ಲಿ ಹೆಸರುಕಾಳು ಬಿತ್ತಿದ್ದು ಚೆನ್ನಾಗಿ ಎದ್ದಿದೆ. ಸೊಸೆ ನಿನಗೆ ಶೇಂಗಾ ಚಟ್ನಿ ಕಳಿಸುತ್ತಾಳಂತೆ.

ಶಿವಕಾಂತಾ


ವಡೋದರಾ
15 ಸೆಪ್ಟೆಂಬರ್ 2024

ಪ್ರೀತಿಯ ಅತ್ತಿ,

ಚಟ್ನಿ ಎಂಟು ದಿನದಲ್ಲಿ ಖಾಲಿ.

ತಾಟಿನ ಮಾತು ನೀವು ಬರೆಯಲಿಲ್ಲ. ನನಗೆ ಅರ್ಥವಾಗುತ್ತದೆ. ಕೆಲವು ನೋವು ಐವತ್ತು ವರ್ಷ ಕಳೆದರೂ ಬಾಯಿಗೆ ಬರುವುದಿಲ್ಲ. ನೀವು ಹೇಳದೆ ಬಿಟ್ಟದ್ದನ್ನೇ ನಾನು ಚಿತ್ರ ಮಾಡಿದ್ದೇನೆ. ಚಿತ್ರ ಮುಗಿಯಿತು, ಆರಡಿ ಎತ್ತರ ಇದೆ. ಹದಿನೆಂಟರ ಮದುಮಗಳು ನಿಂತಿದ್ದಾಳೆ. ಕೈಯಿಂದ ತಾಟು ಜಾರಿ ಅಕ್ಕಿ ಚೆಲ್ಲಿದೆ. ಚೆಲ್ಲಿದ ಅಕ್ಕಿಯಲ್ಲಿ ಶಿವಕಾಂತಾ ಎಂಬ ಅಕ್ಷರಗಳು ಒಡೆದು ಬಿದ್ದಿವೆ. ತುಟಿಗಳನ್ನು ನೂಲಿನಿಂದ ಹೊಲಿದಂತೆ ಬರೆದಿದ್ದೇನೆ. ಹಿಂದಿನ ಗೋಡೆಯ ತುಂಬ ನೀಲಿಯಲ್ಲಿ ಮಲ್ಕಮ್ಮ ಎಂದಿದೆ. ಇಲ್ಲಿನ ಗೆಳೆಯರು ನೋಡಿ ಬಾಯಿ ತುಂಬ ಹೊಗಳಿದರು. ಇದುವರೆಗೆ ನಾನು ಮಾಡಿದ್ದರಲ್ಲಿ ಇದೇ ಒಳ್ಳೆಯದು, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಆಮಂತ್ರಣದ ಕಾರ್ಡು ಇದರೊಳಗೆ ಇಟ್ಟಿದ್ದೇನೆ. ಮುಖಪುಟದಲ್ಲಿ ನೀವೇ. ಕೆಳಗಿನ ಸಾಲು ಹೀಗಿದೆ: "ಮಲ್ಕಮ್ಮ. ಈಕೆಯ ಹೆಸರನ್ನು ಒಂದು ತಾಟು ಅಕ್ಕಿ ಕಸಿದುಕೊಂಡಿತು." ಹೇಗಿದೆ ಬರೆಯಿರಿ.

ಭಾಗ್ಯಾ


ವಡೋದರಾ
20 ಅಕ್ಟೋಬರ್ 2024

ಅತ್ತಿ,

ಕಾರ್ಡು ಕಳಿಸಿ ತಿಂಗಳ ಮೇಲಾಯಿತು. ಸಂಜುವಿಗೆ ಫೋನು ಮಾಡಿದರೆ, ಅವ್ವ ಕಾರ್ಡನ್ನು ಟ್ರಂಕಿನ ತಳಕ್ಕೆ ಹಾಕಿ ಬೀಗ ಹಾಕ್ಯಾಳ, ಕೇಳಿದರೆ ಮಾತಾಡವಲ್ಲಳು ಎಂದ. ಜೋಪಾನ ಮಾಡಿ ಇಟ್ಟಿರಬೇಕು ಎಂದುಕೊಂಡೆ. ಆದರೂ ಯಾಕೋ ಸಮಾಧಾನವಿಲ್ಲ. ನಿಮ್ಮ ಹಳೆಯ ಗಾಯವನ್ನು ನಾನು ಕೆದಕಿದೆನೇ? ಎರಡು ಸಾಲಾದರೂ ಬರೆಯಿರಿ.

ಭಾಗ್ಯಾ


ಹವಳಗಾ
11 ನವೆಂಬರ್ 2024

ಭಾಗ್ಯಜ್ಯೋತಿಗೆ,

ಗಾಯ ಹಳೆಯದಲ್ಲ, ಹೊಸದು. ನೀನೇ ಮಾಡಿದ್ದು.

ಸಿಟ್ಟಿನಲ್ಲಿ ಬರೆಯಬಾರದು ಎಂದು ದೀಪಾವಳಿ ದಾಟುವವರೆಗೆ ಕಾದೆ. ದಾಟಿತು, ಸಿಟ್ಟು ಇನ್ನೂ ಇದೆ. ಆದ್ದರಿಂದ ಬರೆಯುತ್ತೇನೆ.

ನಿನ್ನ ಅಪ್ಪನ ಬೆನ್ನಿಗೆ ಹುಟ್ಟಿದವಳು ನಾನಲ್ಲ. ಅಣ್ಣನಿಗೂ ನನಗೂ ಏಳು ವರ್ಷ ಅಂತರ. ನಡುವೆ ಒಂದು ಹುಡುಗಿ ಇತ್ತು, ಅಣ್ಣನಿಗಿಂತ ಒಂದು ವರ್ಷ ಚಿಕ್ಕದು. ಐದು ವರ್ಷಕ್ಕೆ ಜ್ವರ ಬಂದು ತೀರಿಹೋಯಿತು. ಅದರ ಹೆಸರು ಮಲ್ಕಮ್ಮ. ಮರುವರ್ಷ ನಾನು ಹುಟ್ಟಿದೆ. ಹೋದವಳೇ ತಿರುಗಿ ಬಂದಾಳ ಎಂದು ನಮ್ಮವ್ವ ಅದೇ ಹೆಸರನ್ನು ನನಗಿಟ್ಟಳು. ಅದರ ಅಂಗಿ, ಅದರ ಕಾಲ್ಗಡಗ, ಅದರ ತಾಟು ಎಲ್ಲ ನನಗೆ ಬಂತು. "ಅಕಿಗಿ ಶೇಂಗಾ ಹೋಳಿಗಿ ಅಂದ್ರ ಪ್ರಾಣ ಇತ್ತು, ನೀ ಯಾಕ ತಿನ್ನವಲ್ಲಿ?" ಎಂದು ಅವ್ವ ಹಬ್ಬಕ್ಕೊಮ್ಮೆ ಅಳುತ್ತಿದ್ದಳು. ನಾನು ಏನು ಮಾಡಿದರೂ ಸತ್ತ ಹುಡುಗಿಯ ಜೊತೆ ಹೋಲಿಸಿ ನೋಡುವುದೇ ಆಯಿತು. ಯಾರಾದರೂ ಮಲ್ಕವ್ವಾ ಎಂದು ಕರೆದರೆ ನನ್ನ ಬೆನ್ನ ಹಿಂದೆ ಇನ್ನೊಬ್ಬಳು ನಿಂತಂತೆ ಆಗುತ್ತಿತ್ತು. ದನಿ ಮೆತ್ತಗಾಗುತ್ತಿತ್ತು ಎಂದು ಬರೆದಿ. ಅಂಜಿದವರ ದನಿಯೂ ಮೆತ್ತಗೇ ಇರುತ್ತದೆ ಭಾಗ್ಯಾ. ನೀನು ಚಿತ್ರ ಬರೆಯುವವಳು, ಅಷ್ಟು ತಿಳಿಯಲಿಲ್ಲವೇ?

ಏಳನೆಯ ಇಯತ್ತೆಯವರೆಗೆ ಓದಿದ್ದೆ. ಮದುವೆ ನಿಕ್ಕಿಯಾದ ಮೇಲೆ, ಹೆಸರು ಬದಲಿಸುತ್ತಾರೆ ಎಂದು ಗೊತ್ತಾದಾಗ, ಎಲ್ಲರೂ ಅಳಬಹುದು ಎಂದು ನನ್ನನ್ನೇ ನೋಡುತ್ತಿದ್ದರು. ನಾನು ಹಿತ್ತಲಲ್ಲಿ ಕೂತು ಮಣ್ಣಿನಲ್ಲಿ ಹೆಸರುಗಳನ್ನು ಬರೆದು ಅಳಿಸಿ ನೋಡುತ್ತಿದ್ದೆ. ಶಿವಕಾಂತಾ ಎಂಬುದನ್ನು ಆರಿಸಿಕೊಂಡೆ. ನಮ್ಮ ಮನೆತನದಲ್ಲಿ ಸತ್ತವರ್ಯಾರಿಗೂ ಆ ಹೆಸರು ಇರಲಿಲ್ಲ.

ಇಲ್ಲಿ ನಮ್ಮ ಅತ್ತೆ ಬಸವೇಶ್ವರಿ ಎಂದು ಇಡಬೇಕೆಂದು ನಿಶ್ಚಯಿಸಿದ್ದರು. ಅದು ತೀರಿಹೋದ ಅವರ ತಾಯಿಯ ಹೆಸರು. ಒಬ್ಬ ಸತ್ತವಳನ್ನು ಇಳಿಸಿ ಇನ್ನೊಬ್ಬಳನ್ನು ಹೊರುವುದು ಯಾರಿಗೆ ಬೇಕು? ತಾಟು ಬಂತು. ನಿನ್ನ ಮಾಮಾ ಉಂಗುರ ಹಿಡಿದು ಅಕ್ಕಿಯ ಮೇಲೆ ಬಾಗಿದರು. ಅಂದಿನವರೆಗೆ ಅವರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಸೆರಗಿನ ಮರೆಯಲ್ಲಿ ಹೇಳಿಬಿಟ್ಟೆ: "ಶಿವಕಾಂತಾ ಅಂತ ಬರೀರಿ. ನಿಮ್ಮ ಕಾಲಿಗಿ ಬೀಳ್ತೇನಿ."

ಒಂದು ಗಳಿಗೆ ಕೈ ನಿಂತಿತು. ಆಮೇಲೆ ಬರೆದರು. ನಮ್ಮ ಅತ್ತೆಗೆ ಓದಲು ಬಾರದು, ನಗುತ್ತ ನೋಡುತ್ತಿದ್ದರು. ಮಠದ ಅಯ್ಯನವರು ಜೋರಾಗಿ ಓದಿದಾಗ ಗದ್ದಲವೋ ಗದ್ದಲ. ಯಾರ ಹೆಸರು ಬರದಿ ಲೇ ಎಂದು ಅತ್ತೆ ಮಗನನ್ನು ಕೇಳಿದರೆ, ಕೈ ತಪ್ಪೇತಿ ಅವ್ವಾ, ಬರದದ್ದು ಬರದಂಗಾತು ಎಂದು ನಿಂತುಬಿಟ್ಟರು. ಸಾಯುವವರೆಗೂ ನಿಜ ಹೇಳಲಿಲ್ಲ. ಅತ್ತೆ ಒಂದು ವರ್ಷ ಬಸವೇಶ್ವರಿ ಎಂದೇ ಕರೆದು, ಬೇಸತ್ತು ಬಿಟ್ಟರು.

ಆ ಹೆಸರಿನಿಂದ ನೌಕರಿ ಮಾಡಿದೆ. ಮೂವತ್ತನಾಲ್ಕು ವರ್ಷ ಹಾಜರಿ ಪುಸ್ತಕದಲ್ಲಿ ಆ ಹೆಸರು ಬರೆದಾಗಲೆಲ್ಲ, ಇದು ನಾನೇ ಇಟ್ಟುಕೊಂಡದ್ದು ಎಂದು ಒಳಗೊಳಗೇ ಬೀಗುತ್ತಿದ್ದೆ. ಅದನ್ನು ನೀನು ಒಡೆದು ನೆಲದ ಮೇಲೆ ಚೆಲ್ಲಿದ್ದೀ. ನನ್ನ ಬಾಯಿ ಹೊಲಿದಿದ್ದೀ. ಆ ಬಾಯಿಯಿಂದಲೇ ನಾನು ಹೆಸರು ಪಡೆದದ್ದು. ಮದುವೆಯ ದಿನವೂ ನನ್ನನ್ನು ಕೇಳದೆ ಹೆಸರಿಡಲು ಯಾರಿಗೂ ಆಗಲಿಲ್ಲ. ನೀನು ಕೇಳದೆ ಇಟ್ಟೆ.

ಕೇಳಿದ್ದೆ ಎನ್ನುತ್ತೀ. ಹೌದು, ಕೇಳಿದ್ದಿ, ನಾನು ಹೇಳಲಿಲ್ಲ. ಯಾಕೆಂದರೆ ಅಣ್ಣ. ನಿನ್ನ ಅಪ್ಪ ಇವತ್ತಿಗೂ ಮಲ್ಕವ್ವಾ ಎಂದೇ ಕರೆಯುತ್ತಾನೆ. ಅವ್ವ ಹೋದ ಮೇಲೆ ಹಾಗೆ ಕರೆಯುವವನು ಅವನೊಬ್ಬನೇ. ಹವಳಗಾ ಇಡೀ ನನ್ನನ್ನು ನನ್ನ ಹೆಸರಿನಿಂದ ಕರೆಯುತ್ತದೆ, ಒಡಹುಟ್ಟಿದವನು ಕರೆದಿಲ್ಲ. ಒಂದು ಸಲ ಅವನ ಬಾಯಿಂದ ಕೇಳಬೇಕೆಂದು ನನಗೆಷ್ಟು ಆಸೆ ಇದೆ ಎಂದು ಯಾರಿಗೆ ಹೇಳಲಿ? ಆ ಹೆಸರು ಬೇಡವಾಗಿತ್ತು ಎಂದರೆ ಅವನು ಆ ಹುಡುಗಿಯನ್ನು ಮತ್ತೊಮ್ಮೆ ಮಣ್ಣು ಮಾಡಿದಂತೆ ಆಗುತ್ತದೆ. ಅವನಿಗೆ ಇದನ್ನು ಹೇಳಬೇಡ.

ಇನ್ನೊಂದು. ಕಾರ್ಡಿನಲ್ಲಿ ಕಲಾವಿದೆ ಜ್ಯೋತಿ ಪಾಟೀಲ ಎಂದಿದೆ. ಯಾರು ಈಕೆ? ತೊಟ್ಟಿಲ ದಿನ ನಿನ್ನ ಕಿವಿಯಲ್ಲಿ ಭಾಗ್ಯಜ್ಯೋತಿ ಎಂದು ಹೇಳಿ, ಸೋದರತ್ತೆಯ ಪದ್ಧತಿಯಂತೆ ಹೆಂಗಸರಿಂದ ಬೆನ್ನಿಗೆ ಗುದ್ದು ತಿಂದವಳು ನಾನು. ಅರ್ಧ ಹೆಸರು ಎಲ್ಲಿ ಬಿಟ್ಟೆ? ಅಸ್ಮಿತೆ ಎಂದೂ ಹಾಕಿಸಿದ್ದೀ. ಹಾಗೆಂದರೇನು ಎಂದು ಸಂಜುವನ್ನು ಕೇಳಿದೆ. ಆಧಾರ್ ಕಾರ್ಡ್ ಇದ್ದಂಗ ಎಂದ. ಮೊದಲು ನಿನ್ನದು ತಿದ್ದಿಸಿಕೋ.

ಶಿವಕಾಂತಾ


ವಡೋದರಾ
24 ನವೆಂಬರ್ 2024

ಅತ್ತಿ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಮೊದಲ ಸಲ ನನಗೂ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಎರಡು ತಿಂಗಳ ಕೆಲಸ, ಎಲ್ಲರೂ ಹೊಗಳಿದ ಚಿತ್ರ, ಇದು ತಪ್ಪು ಎಂದರೆ ಹೇಗೆ ಎಂದು. ನಾಲ್ಕನೆಯ ಸಲಕ್ಕೆ ನಾಚಿಕೆ ಬಂತು. ಎಲ್ಲ ಹೆಂಗಸರ ಹೆಸರು ಹುಡುಕಿಕೊಡುತ್ತೇನೆ ಎಂದು ಹೊರಟ ನಾನು, ನಿಮ್ಮ ಮೌನಕ್ಕೆ ನನಗೆ ಬೇಕಾದ ಅರ್ಥ ಹಚ್ಚಿದೆ. ಕ್ಷಮಿಸಿರಿ.

ಅರ್ಧ ಹೆಸರು ಇಲ್ಲೇ ಬಿಟ್ಟೆ. ಚಿತ್ರಕಲೆ ಕಲಿಯಲು ಬಂದ ಮೊದಲ ವರ್ಷ ಕ್ಲಾಸಿನಲ್ಲಿ ಹೆಸರು ಕೂಗಿದಾಗ ಹುಡುಗಿಯರು ನಕ್ಕರು, ಹಳ್ಳಿಯ ಲಾಟರಿ ಟಿಕೇಟಿನ ಹೆಸರು ಎಂದರು. ಮರುದಿನದಿಂದ ಜ್ಯೋತಿ ಆದೆ. ನಿಮಗೆ ಹೇಳಲು ಧೈರ್ಯವಾಗಿರಲಿಲ್ಲ. ನಿನ್ನೆ ಪ್ರದರ್ಶನದ ಬೋರ್ಡಿಗೆ ಭಾಗ್ಯಜ್ಯೋತಿ ಪಾಟೀಲ ಎಂದೇ ಬರೆಯಲು ಹೇಳಿದ್ದೇನೆ. ಕಾರ್ಡುಗಳನ್ನು ಹಂಚದೆ ಹಾಗೇ ಕಟ್ಟಿಟ್ಟಿದ್ದೇನೆ.

ನಿಮ್ಮ ಚಿತ್ರವನ್ನು ಪ್ರದರ್ಶನದಿಂದ ತೆಗೆದುಬಿಡುತ್ತೇನೆ. ನಡುಗೋಡೆ ಖಾಲಿ ಇರಲಿ. ಅಪ್ಪನಿಗೆ ಏನೂ ಹೇಳಿಲ್ಲ.

ಭಾಗ್ಯಜ್ಯೋತಿ


ಹವಳಗಾ
8 ಡಿಸೆಂಬರ್ 2024

ಭಾಗ್ಯಾಗೆ,

ಖಾಲಿ ಗೋಡೆ ನೋಡಲು ನಾನು ಆಳಂದಕ್ಕೆ ಬರುವುದಿಲ್ಲ. ಅದಕ್ಕೆ ಹವಳಗಾದಲ್ಲೇ ಬೇಕಾದಷ್ಟು ಇವೆ.

ಚಿತ್ರ ತಿದ್ದು. ಅಕ್ಕಿ ತಾಟಿನಲ್ಲೇ ಇರಲಿ, ನಾನು ಒಂದು ಕಾಳು ಕೂಡ ಚೆಲ್ಲಿದವಳಲ್ಲ. ಬಾಯಿ ಬಿಚ್ಚಿರಲಿ. ಪಕ್ಕದಲ್ಲಿ ಉಂಗುರ ಹಿಡಿದ ಒಂದು ಕೈ ಬರೆ, ನಿನ್ನ ಮಾಮಾ ಅವರದು. ಕೆಳಗೆ ಶಿವಕಾಂತಾ ಎಂದು ಹಾಕು, ಹೆಸರು ತಾನೇ ಇಟ್ಟುಕೊಂಡಳು ಎಂದು ಸೇರಿಸು. ಉಳಿದ ಇಪ್ಪತ್ತು ಜನರದು ಕಸಿದುಕೊಂಡದ್ದೇ ಇರಬಹುದು. ಸಕ್ಕುಬಾಯಿಯ ದುಃಖ ಸಕ್ಕುಬಾಯಿಯದು. ನನ್ನದು ನನ್ನದು.

ಅಣ್ಣ ಬರುತ್ತಾನೆ, ಓದುತ್ತಾನೆ. ಇಷ್ಟು ದಿನ ಅಂಜಿದ್ದು ಸಾಕು. ಗಂಡನಾಗುವವನ ಮುಂದೆ ಬಾಯಿ ಬಿಟ್ಟವಳು ಅಣ್ಣನ ಮುಂದೆ ಮುಚ್ಚಿಕೊಂಡು ಕೂತಿದ್ದೆ, ಅದೇ ನನಗೆ ಸೋಜಿಗ. ಅವನು ನೊಂದರೆ ನಾನು ನೋಡಿಕೊಳ್ಳುತ್ತೇನೆ.

ಮತ್ತೆ, ಮಲ್ಕಮ್ಮ ಎಂಬ ಹೆಸರನ್ನು ಅಳಿಸಿ ಎಸೆಯಬೇಡ. ಅದರ ಒಡತಿಗೆ ಕೊಡು. ಆ ಹುಡುಗಿಯ ಫೋಟೋ ಇಲ್ಲ. ಕಾಲ್ಗಡಗ ಮಾತ್ರ ನನ್ನ ಹತ್ತಿರ ಇವೆ. ಅವುಗಳನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು ಕಳಿಸಿದ್ದೇನೆ. ಅದರ ಕಾಲು ಇಷ್ಟೇ ಇತ್ತು. ಇಷ್ಟು ದಿನ ಅದರ ಮೇಲೆ ನನಗೆ ಸಿಟ್ಟಿತ್ತು. ಪೆನ್ಸಿಲ್ ಎಳೆಯುವಾಗ ಹೋಯಿತು. ಐದು ವರ್ಷದ ಕೂಸು, ಪಾಪ, ಅದೇನು ಮಾಡಿತ್ತು?

ಶಿವಕಾಂತಾ


ಸರಸಂಬಾ
22 ಜನವರಿ 2025

ಪ್ರೀತಿಯ ಅತ್ತಿ,

ಮೂರು ದಿನದ ಪ್ರದರ್ಶನ ಮೊನ್ನೆ ಮುಗಿಯಿತು. ಒಟ್ಟು ಎಷ್ಟು ಜನ ಬಂದರು ಎಂದು ಎಣಿಸಲು ಯಾರಿಗೂ ಪುರಸೊತ್ತಿರಲಿಲ್ಲ. ಕೊನೆಯ ದಿನ ಶರಫುದ್ದೀನ ಕಾಕಾ ಮಿಲ್ಲಿನ ಎರಡನೆಯ ಬಾಗಿಲೂ ತೆಗೆಸಬೇಕಾಯಿತು.

ಮೊದಲನೆಯ ದಿನ ನೀವು ಹವಳಗಾದ ಹೆಂಗಸರನ್ನು ಕ್ರೂಸರ್ ಗಾಡಿಯಲ್ಲಿ ತುಂಬಿಸಿಕೊಂಡು ಬಂದಿರಿ, ಸಂಜೆಯೊಳಗೆ ಹೊರಟುಬಿಟ್ಟಿರಿ. ಆ ದಿನ ನಿಮ್ಮ ಹಿಂದೆ ನಡೆದದ್ದು ನಿಮಗೆ ಕೇಳಿಸಲಿಲ್ಲ. ಅದನ್ನು ಬರೆಯಲೆಂದೇ ಕೂತಿದ್ದೇನೆ.

ನೀವು ನಿಮ್ಮ ಚಿತ್ರದ ಮುಂದೆ ಸೊಂಟದ ಮೇಲೆ ಕೈ ಇಟ್ಟು ನಿಂತಿರಿ. ಇಜೇರಿಯ ಸಕ್ಕುಬಾಯಿ ಪಕ್ಕಕ್ಕೆ ಬಂದಳು. ನೀವು ಆಕೆಗೆ ಬೆರಳು ತೋರಿಸಿ, ಇದು ನಾನು, ಇದು ನಮ್ಮನಿಯವರ ಕೈ ಎಂದು ವಿವರಿಸುತ್ತಿದ್ದಿರಿ. ಕಾಲೇಜಿನ ಹುಡುಗಿಯರು ಸುತ್ತ ನೆರೆದರು. ನಿಮ್ಮ ದನಿ ಗೋದಾಮಿನ ಆ ತುದಿಗೂ ಕೇಳುತ್ತಿತ್ತು. ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ನನ್ನ ಚಿತ್ರಕ್ಕಿಂತ ಅದರ ಮುಂದೆ ನಿಂತವಳೇ ಚೆಂದ ಕಾಣುತ್ತಿದ್ದಳು. ಇಷ್ಟು ಹೆಮ್ಮೆ ನನಗೆ ಇನ್ನೊಮ್ಮೆ ಆಗುವುದೋ ಇಲ್ಲವೋ.

ಅಷ್ಟರಲ್ಲಿ ಅಪ್ಪ ಬಂದರು. ಮೊದಲು ಕಂಡದ್ದು ಕಾಲ್ಗಡಗದ ಚಿಕ್ಕ ಚಿತ್ರ. ಕೆಳಗೆ ಮಲ್ಕಮ್ಮ ಎಂದಿತ್ತು, ಹುಟ್ಟಿದ, ತೀರಿದ ವರ್ಷಗಳಿದ್ದವು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡು ಮತ್ತೆ ಓದಿದರು. ಅಲ್ಲಿಂದ ನಿಮ್ಮ ಚಿತ್ರದ ಹತ್ತಿರ ಹೋಗಿ ಅದನ್ನೂ ಓದಿದರು. ನಿಮ್ಮ ಬೆನ್ನಿನಿಂದ ನಾಲ್ಕು ಹೆಜ್ಜೆ ದೂರ ನಿಂತಿದ್ದರು. ನಾನು ಬಾಗಿಲು ಬಿಟ್ಟು ಹತ್ತಿರ ಬಂದೆ.

ಅಪ್ಪ "ಶಿವಕಾಂತಾ" ಎಂದರು. ನೀವು ತಿರುಗಲಿಲ್ಲ. ಮತ್ತೊಮ್ಮೆ ಕರೆದರು, ಮಗುದೊಮ್ಮೆ ಕರೆದರು. ನೀವು ಸಕ್ಕುಬಾಯಿಗೆ ಇಳಕಲ್ ಸೆರಗಿನ ಬಣ್ಣ ತೋರಿಸುತ್ತಿದ್ದಿರಿ. ನಾನು ನಿಮ್ಮನ್ನು ಮುಟ್ಟಿ ಕರೆಯಲು ಹೋದರೆ ಅಪ್ಪ ನನ್ನ ಕೈ ಹಿಡಿದು ನಿಲ್ಲಿಸಿದರು.

"ಹೇಳಬ್ಯಾಡ ಅಕಿಗಿ. ಅರವತ್ತಾರು ವರ್ಷ ನಾ ಕರದದ್ದೆಲ್ಲ ಕೇಳ್ಯಾಳ. ಇದೊಂದು ಕೇಳಲಿಲ್ಲ ಅಂದ್ರ ನನಗ ಅಷ್ಟು ಶಿಕ್ಷಾ ಬೇಕು."

ಮನೆಗೆ ಬರುವಾಗ ಬಸ್ಸಿನಲ್ಲಿ ಅಪ್ಪ ಆ ಹುಡುಗಿಯ ಮಾತು ತೆಗೆದರು, ನನ್ನ ಆಯುಷ್ಯದಲ್ಲಿ ಮೊದಲ ಸಲ. ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರಂತೆ. ಆ ಹೆಸರು ಬಿಟ್ಟರೆ ತೀರಿಹೋದ ಆಕೆಯನ್ನು ಕರೆಯಲು ತನಗೆ ಬೇರೆ ದಾರಿ ಇರಲಿಲ್ಲ ಎಂದರು. ನಿಮಗೆ ಭಾರವಾಗುತ್ತದೆ ಎಂದು ಒಮ್ಮೆಯೂ ಹೊಳೆಯಲಿಲ್ಲವಂತೆ. ಹೇಳಬೇಡ ಎಂದವರ ಮಾತು ಮೀರಿ ಬರೆಯುತ್ತಿದ್ದೇನೆ. ನಿಮಗೆ ಸಲ್ಲಬೇಕಾದದ್ದನ್ನು ನನ್ನಲ್ಲೇ ಇಟ್ಟುಕೊಳ್ಳುವ ತಪ್ಪನ್ನು ಇನ್ನೊಮ್ಮೆ ಮಾಡಲಾರೆ.

ಭಾಗ್ಯಜ್ಯೋತಿ


ಹವಳಗಾ
30 ಜನವರಿ 2025

ಭಾಗ್ಯಜ್ಯೋತಿಗೆ,

ಕಾಗದ ಓದಿ ಹಿತ್ತಲಿಗೆ ಹೋಗಿ ಅತ್ತು ಬಂದೆ. ಸೊಸೆ ಕಣ್ಣಿಗೆ ಏನಾಯಿತು ಎಂದಳು. ಫ್ಯಾಕ್ಟರಿಯ ಹೊಗೆ ಎಂದೆ.

ಊರಲ್ಲಿ ನಿನ್ನದೇ ಮಾತು. ನನ್ನ ಜೊತೆ ಬಂದಿದ್ದ ಹೆಂಗಸರು ಈಗ ಒಬ್ಬರನ್ನೊಬ್ಬರು ತವರಿನ ಹೆಸರಿನಿಂದ ಕರೆದು ನಗುತ್ತಾರೆ. ಕೆಲವರು ನನ್ನ ಹತ್ತಿರ ಬಂದು, ನಾವೂ ಒಂದು ಇಟ್ಟುಕೊಳ್ಳಬಹುದೇ ಎಂದು ಕೇಳಿದರು. ಯಾಕೆ ಬಾರದು ಎಂದೆ. ನಿನ್ನ ಸಲುವಾಗಿ ನನ್ನ ಎದೆ ಎಷ್ಟು ಉಬ್ಬಿದೆ ಎಂದರೆ ಜಂಪರು ಬಿಗಿಯಾಗಿವೆ.

ಅಣ್ಣ ಬಹಳ ಶಾಣ್ಯಾ ಇದ್ದಾನೆ. ಹಿಂದಿನಿಂದ ಕರೆದರೆ ನನಗೆ ಕೇಳುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಹಿಂದೆ ನಿಂತು ಕರೆದಿದ್ದಾನೆ. ಎದುರಿಗೆ ಬಂದು ಕರೆಯಲು ನಾಚಿಕೆ. ಅವನಿಗೆ ಹೇಳು, ಬರುವ ಸೋಮವಾರ ಮೊದಲ ಬಸ್ಸಿಗೆ ಸರಸಂಬಾಕ್ಕೆ ಬರುತ್ತೇನೆ. ಕಟ್ಟೆಯ ಮೇಲೆ ನನ್ನ ಎದುರಿಗೇ ಕೂರಬೇಕು, ಬೆಳಕು ಮುಖದ ಮೇಲೆ ಬೀಳಬೇಕು. ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಮೊದಲನೆಯ ಸಲ ಕರೆದರೆ ಓಗೊಡುವುದಿಲ್ಲ. ಎರಡನೆಯ ಸಲಕ್ಕೂ ಇಲ್ಲ. ಮೂರು ಸಲ ನನ್ನ ಹೆಸರು ಅವನ ಬಾಯಿಂದ ಪೂರ್ತಿ ಬರಲಿ, ಆಮೇಲೆ ಏನೋ ಅಣ್ಣಾ ಎನ್ನುತ್ತೇನೆ.

ಶಿವಕಾಂತಾ